ಜಿರಾಚಿಯ ತಲೆಗೆ ಕಟ್ಟಿದ ಅಪವಾದ

ಪೋಕೆಮಾನ್ ಆಡುವವರ ನಡುವೆ ಒಂದು ಮಾತು ಎಷ್ಟು ಹಳತಾಗಿದೆಯೆಂದರೆ ಅದನ್ನು ಈಗ ಯಾರೂ ಉಜ್ಜಿ ನೋಡುವುದಿಲ್ಲ. ಜಿರಾಚಿಯನ್ನು ಇಳಿಸಿ ಗೆದ್ದವನು ಆಟ ಗೆದ್ದಿಲ್ಲ, ಅವನ ಅದೃಷ್ಟ ಗೆದ್ದಿದೆ ಎನ್ನುವುದೇ ಆ ಮಾತು. ಸೋತವನು ಹೀಗೆ ಹೇಳಿದರೆ ತಪ್ಪು ಹಿಡಿಯಬಾರದು, ಆ ಗಳಿಗೆಯ ಸಂಕಟ ಹಾಗೆ ಆಡಿಸುತ್ತದೆ. ಆದರೆ ಗೆದ್ದವನೂ ತಲೆ ತಗ್ಗಿಸಿ 'ಹೌದು, ಲಕ್ಕು' ಅನ್ನುತ್ತಾನೆ. ಪಕ್ಕದಲ್ಲಿ ಕೂತು ನೋಡಿದವರು ಹೂಂಗುಟ್ಟುತ್ತಾರೆ. ಹೊಸದಾಗಿ ಆಟ ಕಲಿಯುವ ಮಕ್ಕಳಿಗೆ ದೊಡ್ಡ ಹುಡುಗರು ಇದನ್ನೇ ಪಾಠದಂತೆ ಹೇಳಿಕೊಡುತ್ತಾರೆ. ಹೀಗಾದ ಮೇಲೆ ಅದು ಸೋತವನ ಸಂಕಟದ ಮಾತಲ್ಲ, ಒಪ್ಪಿತವಾದ ತೀರ್ಪು. ಆ ತೀರ್ಪು ತಪ್ಪು. ಜಿರಾಚಿಗೆ ಮಾತ್ರವಲ್ಲ, ಅದನ್ನು ಬುದ್ಧಿ ಬಳಸಿ ಆಡಿಸುವವರಿಗೂ ಅದರೆದುರು ಬುದ್ಧಿ ಬಳಸಿ ನಿಲ್ಲುವವರಿಗೂ ಅದು ಅನ್ಯಾಯ ಮಾಡುತ್ತಿದೆ.

ಪರಿಚಯವಿಲ್ಲದವರಿಗಾಗಿ ಒಂದಿಷ್ಟು ಹೇಳಬೇಕು. 2002ರ ನವೆಂಬರಿನಲ್ಲಿ ಜಪಾನಿನಲ್ಲಿ ಹೊರಬಂದ ರೂಬಿ ಮತ್ತು ಸಫೈರ್ ಆಟಗಳೊಂದಿಗೆ ಬಂದ ಜೀವಿ ಜಿರಾಚಿ. ಪಟ್ಟಿಯಲ್ಲಿ ಅದರ ಸಂಖ್ಯೆ 385. ಎತ್ತರ ಬರೀ 30 ಸೆಂಟಿಮೀಟರು, ತೂಕ 1.1 ಕಿಲೋ. ನಕ್ಷತ್ರದ ಆಕಾರದ ತಲೆ, ಆ ತಲೆಯಿಂದ ಇಳಿಬಿದ್ದ ಮೂರು ಚೀಟಿಗಳು, ಹೊಟ್ಟೆಯ ಮೇಲೆ ಮುಚ್ಚಿಕೊಂಡ ಇನ್ನೊಂದು ಕಣ್ಣು. ಸಾವಿರ ವರ್ಷ ಮಲಗಿದ್ದು ಏಳು ದಿನ ಮಾತ್ರ ಎಚ್ಚರವಾಗಿರುತ್ತದೆ. ಆ ಚೀಟಿಯಲ್ಲಿ ಏನು ಬರೆದರೂ ನಡೆಸಿಕೊಡುತ್ತದೆ. ಇದು ಕಥೆಯೊಳಗಿನ ಜಿರಾಚಿ. ಬಹಳ ಕಾಲ ಅದು ಆಟದೊಳಗೆ ಹುಡುಕಿದರೆ ಸಿಗುವ ಜೀವಿಯೂ ಆಗಿರಲಿಲ್ಲ. ಅಮೆರಿಕದಲ್ಲಿ 2004ರಲ್ಲಿ ಕೊಲೋಸಿಯಮ್ ಆಟದ ಜೊತೆ ಕೊಟ್ಟ ಬೋನಸ್ ಡಿಸ್ಕಿನಿಂದ ಮಕ್ಕಳು ಅದನ್ನು ಪಡೆದರು. ಬೇಡಿಕೆ ಈಡೇರಿಸುವ, ಉಡುಗೊರೆಯಾಗಿ ಮಾತ್ರ ಸಿಗುವ ಜೀವಿ! ಅದೃಷ್ಟದ ಹೆಸರು ಅದಕ್ಕೆ ಅಂಟಿಕೊಳ್ಳಲು ಇಷ್ಟೇ ಸಾಕಾಗಿತ್ತು. ಮುಂದೆ ಅದರ ಕಾದಾಟವನ್ನೂ ಜನ ಅದೇ ಕನ್ನಡಕದಿಂದ ನೋಡಿದರು.

ಕಾದಾಟದಲ್ಲಿ ಜಿರಾಚಿಗೆ ಇರುವ ವಿಶೇಷ ಗುಣವೊಂದೇ, ಸಿರೀನ್ ಗ್ರೇಸ್. ಒಂದು ಹೊಡೆತದ ಜೊತೆ ಬರಬಹುದಾದ ಉಪಪರಿಣಾಮದ ಸಂಭವವನ್ನು ಅದು ಇಮ್ಮಡಿ ಮಾಡುತ್ತದೆ. 2006ರ ಡೈಮಂಡ್ ಮತ್ತು ಪರ್ಲ್ ಆಟಗಳಲ್ಲಿ ಐರನ್ ಹೆಡ್ ಎಂಬ ಹೊಡೆತ ಬಂತು. ಅದು ಎದುರಾಳಿಯನ್ನು ಬೆಚ್ಚಿಸಿ, ಅಂದರೆ ಫ್ಲಿಂಚ್ ಮಾಡಿಸಿ, ಆ ಸರದಿಯ ಹೊಡೆತವನ್ನು ತಪ್ಪಿಸುವ ಸಂಭವ ಶೇಕಡಾ 30. ಜಿರಾಚಿಯ ಕೈಯಲ್ಲಿ ಅದು ಶೇಕಡಾ 60. ಬಾಡಿ ಸ್ಲ್ಯಾಮ್ ಹೊಡೆದರೆ ಎದುರಾಳಿ ಪ್ಯಾರಲೈಸ್ ಆಗುವ ಸಂಭವವೂ ಹಾಗೆಯೇ 30ರಿಂದ 60ಕ್ಕೆ ಏರುತ್ತದೆ. ಪ್ಯಾರಲೈಸ್ ಆದ ಜೀವಿಯ ವೇಗ ಕುಸಿಯುತ್ತದೆ, ನಾಲ್ಕರಲ್ಲಿ ಒಂದು ಸಲ ಅದು ಮಿಸುಕಾಡುವುದೇ ಇಲ್ಲ. ಎರಡನ್ನೂ ಕೂಡಿಸಿದರೆ ಎದುರಾಳಿಗೆ ಒಂದು ಸರದಿಯಲ್ಲಿ ಹೊಡೆಯಲು ಉಳಿಯುವ ಅವಕಾಶ 0.4 ಗುಣಿಸು 0.75, ಅಂದರೆ ಶೇಕಡಾ 30. ದೂರು ಇಡೀ ನಿಂತಿರುವುದು ಈ ಒಂದು ಅಂಕಿಯ ಮೇಲೆ.

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಅಕ್ಕನ ಮಗ ಊರಿಗೆ ಬಂದಿದ್ದ. ಗೆಳೆಯನ ಜೊತೆ ಆಡುತ್ತಿದ್ದವನು ಒಮ್ಮೆಲೇ ಎದ್ದು ಬಂದ, ಕಣ್ಣಲ್ಲಿ ನೀರು. "ಮಾಮಾ, ಒಂದೇ ಒಂದು ಸಲನೂ ಆಡೋಕೆ ಬಿಡ್ಲಿಲ್ಲ. ಬರೀ ಲಕ್ಕು." ನಾನು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಆಟದ ದಾಖಲೆಯನ್ನು ಮೊದಲಿಂದ ನೋಡಿದೆ. ಅವನದು ಗಾರ್ಚಾಂಪ್, ಎದುರಿಗೆ ಜಿರಾಚಿ. ಗಾರ್ಚಾಂಪ್‌ನ ಮೂಲ ವೇಗ 102, ಜಿರಾಚಿಯದು 100. ಎರಡೇ ಅಂಕಿಯ ಅಂತರ, ಆದರೆ ಅದೇ ಸರ್ವಸ್ವ, ಏಕೆಂದರೆ ಮೊದಲು ಹೊಡೆದರಷ್ಟೇ ಬೆಚ್ಚಿಸಲು ಸಾಧ್ಯ. ಆ ಮೊದಲ ಸರದಿ ನಮ್ಮ ಹುಡುಗನದಾಗಿತ್ತು. ಭೂಮಿ ನಡುಗಿಸುವ ಅರ್ತ್‌ಕ್ವೇಕ್ ಜಿರಾಚಿಗೆ ಇಮ್ಮಡಿ ತಾಗುತ್ತದೆ, ಅದು ಅವನ ಕೈಯಲ್ಲೇ ಇತ್ತು. ಅವನು ಹೊಡೆಯಲಿಲ್ಲ. ಸ್ವೋರ್ಡ್ಸ್ ಡ್ಯಾನ್ಸ್ ಆಡಿ ತನ್ನ ಬಲ ಹೆಚ್ಚಿಸಿಕೊಂಡ. ಮುಂದಿನ ಹೊಡೆತದಲ್ಲಿ ಎಲ್ಲವನ್ನೂ ಗುಡಿಸಿಹಾಕುವ ಆಸೆ ಅವನಿಗೆ. ಜಿರಾಚಿ ಬಾಡಿ ಸ್ಲ್ಯಾಮ್ ಹೊಡೆಯಿತು, ಗಾರ್ಚಾಂಪ್ ಪ್ಯಾರಲೈಸ್ ಆಯಿತು, ವೇಗ ತಲೆಕೆಳಗಾಯಿತು. ಆಮೇಲೆ ಮೂರು ಐರನ್ ಹೆಡ್.

ಮೂರನೆಯ ಹೊಡೆತಕ್ಕೆ ಗಾರ್ಚಾಂಪ್ ಬಿತ್ತು. ಹಾಗಾದರೆ ಅವನಿಗೆ ಕೈತಪ್ಪಿದ ಸರದಿಗಳು ಎಷ್ಟು? ಎರಡು. ಎರಡು ಸರದಿಯೂ ಸತತವಾಗಿ ಕೈತಪ್ಪುವ ಸಂಭವ 0.7 ಗುಣಿಸು 0.7, ಅಂದರೆ ಶೇಕಡಾ 49. ರೂಪಾಯಿ ನಾಣ್ಯ ಚಿಮ್ಮಿದರೆ ತಲೆ ಬೀಳುವುದಕ್ಕಿಂತ ಒಂದು ಕೂದಲೆಳೆ ಕಡಿಮೆ. 'ಒಂದು ಸಲವೂ ಬಿಡಲಿಲ್ಲ' ಎಂದು ಅವನು ಅತ್ತದ್ದು ಇದಕ್ಕೆ. ಅವನು ಆಡಿದ ಮೊದಲ ಸರದಿ ಅವನ ನೆನಪಿನಿಂದಲೇ ಅಳಿಸಿಹೋಗಿತ್ತು.

ನೆನಪು ಹೀಗೆ ಮೋಸ ಮಾಡುತ್ತದೆ ಎಂದೇ ಲೆಕ್ಕ ಬೇಕು. ಪ್ಯಾರಲೈಸ್ ಆಗದ ಎದುರಾಳಿಯನ್ನು ತೆಗೆದುಕೊಳ್ಳಿ. ನಾಲ್ಕು ಐರನ್ ಹೆಡ್ಡಿಗೆ ಅದು ಬೀಳುತ್ತದೆ ಎಂದಿಟ್ಟುಕೊಳ್ಳಿ. ನಡುವೆ ಅದಕ್ಕೆ ಮೂರು ಸರದಿ ಸಿಗಬೇಕು. ಮೂರೂ ತಪ್ಪುವ ಸಂಭವ ಶೇಕಡಾ 21.6. ಅಂದರೆ ಐದು ಸಲ ಇಂಥ ಜಗಳ ನಡೆದರೆ ಹೆಚ್ಚುಕಡಿಮೆ ನಾಲ್ಕು ಸಲ ಎದುರಾಳಿ ಒಂದಾದರೂ ಹೊಡೆತ ಹೊಡೆದೇ ಹೊಡೆಯುತ್ತದೆ. ಪ್ಯಾರಲೈಸ್ ಆಗಿದ್ದರೂ ಮೂರರಲ್ಲಿ ಎರಡು ಸಲ ಹೊಡೆಯುತ್ತದೆ. ಬೆಂಕಿಯ ಅಥವಾ ನೆಲದ ಬಲವಾದ ಹೊಡೆತ ಒಂದು ಬಿದ್ದರೆ ಜಿರಾಚಿಯ ಕಥೆ ಬಹುಪಾಲು ಮುಗಿದಂತೆ. ಜಿರಾಚಿ ಆಡಿಸುವವನು ಈ ಅಪಾಯವನ್ನು ಪ್ರತಿ ಸರದಿಯಲ್ಲೂ ಹೊತ್ತೇ ಕೂತಿರುತ್ತಾನೆ. ಹೊಡೆತ ತಪ್ಪಿದ ಮೂರು ಸಲ ನಮ್ಮ ಮನಸ್ಸಿನಲ್ಲಿ ಗಾಯವಾಗಿ ಉಳಿಯುತ್ತವೆ. ಹೊಡೆದು ಜಿರಾಚಿಯನ್ನು ಕೆಡವಿದ ಮೂವತ್ತು ಸಲ ಮಾಮೂಲಿಯೆಂದು ಮರೆತುಹೋಗುತ್ತವೆ.

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ, ದೂರುವವರು ಅದನ್ನು ಎಂದೂ ಎತ್ತುವುದಿಲ್ಲ. ಬೆಚ್ಚಿಸುವುದು ಹೊಡೆತವನ್ನು ತಡೆಯುತ್ತದೆ, ಜೀವಿಯನ್ನು ಬದಲಿಸುವುದನ್ನು ತಡೆಯುವುದಿಲ್ಲ. ಹೊಡೆತಗಳು ಬೀಳುವ ಮೊದಲೇ ಬದಲಾವಣೆ ನಡೆದುಹೋಗುತ್ತದೆ. ಬೆಚ್ಚಿದ ಜೀವಿಯ ಕಾಲಿಗೆ ಸರಪಳಿಯಿಲ್ಲ. ನಮ್ಮ ಹುಡುಗನ ತಂಡದಲ್ಲಿ ಮ್ಯಾಗ್ನಝೋನ್ ಕೂತಿತ್ತು. ವಿದ್ಯುತ್ತು ಮತ್ತು ಉಕ್ಕು ಎರಡೂ ಕೂಡಿದ ಅದಕ್ಕೆ ಐರನ್ ಹೆಡ್ ಕಾಲು ಭಾಗ ಮಾತ್ರ ತಾಗುತ್ತದೆ. ಮೇಲಾಗಿ ಅದರ ಮ್ಯಾಗ್ನೆಟ್ ಪುಲ್ ಎಂಬ ಗುಣ ಜಿರಾಚಿಯಂಥ ಉಕ್ಕಿನ ಜೀವಿಗಳನ್ನು ಕದಲದಂತೆ ಹಿಡಿದಿಡುತ್ತದೆ, ಯೂ-ಟರ್ನ್ ಇಟ್ಟುಕೊಂಡ ಜಿರಾಚಿ ಮಾತ್ರ ಜಾರಿಕೊಳ್ಳಬಲ್ಲದು. ಅದನ್ನು ಯಾಕೆ ಇಳಿಸಲಿಲ್ಲ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಸ್ವೋರ್ಡ್ಸ್ ಡ್ಯಾನ್ಸ್ ಹಾಕಿದ್ನಲ್ಲ ಮಾಮಾ, ಅದು ವೇಸ್ಟ್ ಆಗ್ತಿತ್ತು." ಹೆಚ್ಚಿಸಿಕೊಂಡ ಬಲ, ಜೀವಿಯನ್ನು ಹಿಂದಕ್ಕೆ ಕರೆದರೆ ಇಳಿದುಹೋಗುತ್ತದೆ. ಅದನ್ನು ಬಿಟ್ಟುಕೊಡಲು ಅವನಿಗೆ ಮನಸ್ಸಾಗಲಿಲ್ಲ. ಸೋಲು ಅಲ್ಲಿತ್ತು, ಆ ಶೇಕಡಾ 49ರಲ್ಲಿ ಅಲ್ಲ. ಬಾಲಕ ಒಪ್ಪಿಕೊಂಡ, ದೊಡ್ಡವರು ಒಪ್ಪುವುದಿಲ್ಲ. ವರ್ಷಗಟ್ಟಲೆ ಆಡಿ ಪಳಗಿದವರು ಇದೇ ಆಸೆಗೆ ಬಿದ್ದು ಸೋತು, ಗೆದ್ದವನ ಕೈಗುಣವನ್ನು ಹಳಿಯುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಅದೃಷ್ಟ ಬೆರೆತ ಆಟದಲ್ಲಿ ಜಾಣ್ಮೆಗೆ ಜಾಗವಿಲ್ಲ ಅನ್ನುವ ನಂಬಿಕೆ ಎಲ್ಲಿಂದ ಬಂತೋ ನನಗೆ ಅರ್ಥವಾಗುವುದಿಲ್ಲ. ನಮ್ಮ ಅಜ್ಜಿ ಚೌಕಾಬಾರ ಆಡುತ್ತಿದ್ದರು. ನಾಲ್ಕು ಕವಡೆ, ಅವು ಹೇಗೆ ಬೀಳುತ್ತವೆ ಅನ್ನುವುದು ಯಾರ ಕೈಯಲ್ಲೂ ಇಲ್ಲ. ಆದರೂ ಅಜ್ಜಿಯ ಎದುರು ಕೂತು ಗೆದ್ದವರು ಕೇರಿಯಲ್ಲಿ ಕಡಿಮೆ. ಅವರಿಗೆ ಬಿದ್ದದ್ದೂ ಎಲ್ಲರಿಗೂ ಬೀಳುವ ಗರವೇ. ಯಾವ ಕಾಯಿ ನಡೆಸಬೇಕು, ಯಾವುದನ್ನು ಕಟ್ಟೆಯಲ್ಲಿ ಬಿಡಬೇಕು, ಎದುರಿನವರಿಗೆ ಎಷ್ಟು ಬಿದ್ದರೆ ತನ್ನ ಕಾಯಿ ಹೋಗುತ್ತದೆ ಅನ್ನುವ ಎಚ್ಚರ ಮಾತ್ರ ಅವರದಾಗಿತ್ತು. ಕವಡೆ ಎಸೆಯುವ ಮೊದಲೇ ಅವರು ಆಡಿ ಮುಗಿಸಿರುತ್ತಿದ್ದರು. ಅಜ್ಜಿ ಗೆದ್ದಾಗ 'ಕವಡೆ ಗೆಲ್ಲಿಸಿತು' ಎಂದು ನಮ್ಮಲ್ಲಿ ಯಾರೂ ಹೇಳಲಿಲ್ಲ. ಜಿರಾಚಿಯ ವಿಷಯಕ್ಕೆ ಬಂದಾಗ ಮಾತ್ರ ನಾವು ಈ ವಿವೇಕವನ್ನು ಬಾಗಿಲ ಹೊರಗೆ ಬಿಟ್ಟು ಬರುತ್ತೇವೆ.

ಆ ಶೇಕಡಾ 60 ಒಂದೇ ಗೆಲ್ಲಿಸುವುದಾದರೆ ಡನ್‌ಸ್ಪಾರ್ಸ್ ಎಂಬ ಜೀವಿ ಲೋಕವನ್ನೇ ಆಳಬೇಕಿತ್ತು. ಅದಕ್ಕೂ ಸಿರೀನ್ ಗ್ರೇಸ್ ಇದೆ. ಹೆಡ್‌ಬಟ್ ಹೊಡೆದು ಅಷ್ಟೇ ಸಂಭವದಲ್ಲಿ ಬೆಚ್ಚಿಸಬಲ್ಲದು. ಆದರೆ ಮೂಲ ವೇಗ 45. ಎದುರಾಳಿ ಮೊದಲೇ ಹೊಡೆದಿರುತ್ತದೆ, ಆಮೇಲೆ ಬೆಚ್ಚಿಸಿ ಏನು ಪ್ರಯೋಜನ? ಅದನ್ನು ಕಂಡು ಯಾರೂ ಹೆದರುವುದಿಲ್ಲ. ಜಿರಾಚಿಯದು ವರವೊಂದೇ ಅಲ್ಲ, ವರ ಕೆಲಸ ಮಾಡುವ ಸ್ಥಿತಿಯನ್ನು ಕಟ್ಟಿಕೊಳ್ಳುವ ಶಕ್ತಿಯೂ ಅದಕ್ಕಿದೆ. ಉಕ್ಕಿನ ಮೈ ಹತ್ತಾರು ಬಗೆಯ ಹೊಡೆತಗಳನ್ನು ತಡೆದುಕೊಳ್ಳುತ್ತದೆ, ವಿಷ ಅದಕ್ಕೆ ತಾಗುವುದೇ ಇಲ್ಲ. ವೇಗ ಸಾಲದಿದ್ದರೆ ಎದುರಾಳಿಯ ವೇಗ ಇಳಿಸಬೇಕು, ಇಲ್ಲವೇ ಚಾಯ್ಸ್ ಸ್ಕಾರ್ಫ್ ತೊಡಿಸಿ ತನ್ನ ವೇಗವನ್ನು ಒಂದೂವರೆ ಪಟ್ಟು ಮಾಡಿಕೊಳ್ಳಬೇಕು. ಸ್ಕಾರ್ಫ್ ತೊಟ್ಟರೆ ಒಂದೇ ಹೊಡೆತಕ್ಕೆ ಕಟ್ಟುಬೀಳಬೇಕು. ಹೀಗೆ ಒಂದನ್ನು ಪಡೆಯಲು ಇನ್ನೊಂದನ್ನು ಕೊಡುತ್ತಲೇ ಹೋಗಬೇಕು.

ಆಟಗಾರರ ಸಮುದಾಯಕ್ಕೆ ಅದೃಷ್ಟದ ಮಿತಿ ಗೊತ್ತಿಲ್ಲ ಎಂದೇನಿಲ್ಲ. ಸ್ಮೋಗನ್ ಸಮುದಾಯ ತನ್ನ ಪಂದ್ಯಗಳಲ್ಲಿ ಮೈತಪ್ಪಿಸುವ ಶಕ್ತಿ ಏರಿಸುವ ಮೂವ್‌ಗಳನ್ನು ನಿಷೇಧಿಸಿತು. ಒಂದೇ ಪೆಟ್ಟಿಗೆ ಕೊಲ್ಲುವ ಹೊಡೆತಗಳನ್ನು ನಿಷೇಧಿಸಿತು. ಷೇಮಿನ್‌ನ ಸ್ಕೈ ರೂಪಕ್ಕೂ ಸಿರೀನ್ ಗ್ರೇಸ್ ಇದೆ, ಮೂಲ ವೇಗ 127, ಏರ್ ಸ್ಲ್ಯಾಶ್ ಹೊಡೆದು ಅದೂ ಶೇಕಡಾ 60ರಷ್ಟು ಬೆಚ್ಚಿಸುತ್ತದೆ. ಅದನ್ನು ಸಾಮಾನ್ಯ ಅಂಕಣದಿಂದ ಹೊರಗಟ್ಟಿ ಉಬರ್ಸ್ ಎಂಬ ಮೇಲಿನ ವರ್ಗಕ್ಕೆ ಸೇರಿಸಿದರು. ನಾಲ್ಕನೆಯ ತಲೆಮಾರಿನ ಆಟದಲ್ಲಿ ಜಿರಾಚಿ ಅತಿ ಹೆಚ್ಚು ಬಳಕೆಯಲ್ಲಿದ್ದ ಜೀವಿಗಳಲ್ಲಿ ಒಂದಾಗಿದ್ದಾಗಲೂ ಅದನ್ನು ಹಾಗೆ ಹೊರಗಟ್ಟಲಿಲ್ಲ. ಗೆರೆ ಎಲ್ಲಿ ಎಳೆಯಬೇಕೆಂದು ಬಲ್ಲ ಅದೇ ಜನ ಜಿರಾಚಿಯನ್ನು ಗೆರೆಯ ಒಳಗೇ ಇಟ್ಟರು. ಹಾಗಿದ್ದೂ ಬಾಯಿಮಾತಿನಲ್ಲಿ ಅದು ಕಳ್ಳನೇ.

ಇನ್ನೊಂದು ಪಕ್ಷಪಾತ ನೋಡಿ. ಸ್ಟೋನ್ ಎಡ್ಜ್ ಐದರಲ್ಲಿ ಒಂದು ಸಲ ಗುರಿ ತಪ್ಪುತ್ತದೆ, ಹೈಡ್ರೋ ಪಂಪ್ ಕೂಡ ಹಾಗೆಯೇ. ಫೋಕಸ್ ಬ್ಲಾಸ್ಟ್ ಹತ್ತರಲ್ಲಿ ಮೂರು ಸಲ ತಪ್ಪುತ್ತದೆ. ಪ್ರತಿ ಹೊಡೆತದ ಪೆಟ್ಟು 85ರಿಂದ 100ರ ನಡುವೆ ಎಲ್ಲೋ ಬೀಳುತ್ತದೆ, ಹಲವು ತಲೆಮಾರುಗಳ ಕಾಲ ಹದಿನಾರರಲ್ಲಿ ಒಂದು ಹೊಡೆತ ಕ್ರಿಟಿಕಲ್ ಆಗುತ್ತಿತ್ತು. ಇವನ್ನೆಲ್ಲ 'ಆಟದ ಭಾಗ' ಎಂದು ಒಪ್ಪಿ ನುಂಗಿಕೊಳ್ಳುವವರೇ ಐರನ್ ಹೆಡ್ ಬಿದ್ದಾಗ ನ್ಯಾಯ ಕೇಳುತ್ತಾರೆ. ಶೇಕಡಾ 70ರ ಫೋಕಸ್ ಬ್ಲಾಸ್ಟ್ ತಗುಲಿಸಿದವನು ಧೈರ್ಯವಂತ, ಶೇಕಡಾ 60ರ ಐರನ್ ಹೆಡ್ಡಿನಿಂದ ಬೆಚ್ಚಿಸಿದವನು ಭಾಗ್ಯವಂತ! ಸಂಭವದ ಲೆಕ್ಕದಲ್ಲಿ ಕಡಿಮೆ ಇರುವುದಕ್ಕೆ ಹೆಚ್ಚು ಅಪಾಯ ಎದುರಿಸಿದ ಗೌರವ ಸಲ್ಲಬೇಕಲ್ಲವೇ?

ಜಿರಾಚಿಯನ್ನು ಬೆಚ್ಚಿಸುವ ಯಂತ್ರವೆಂದಷ್ಟೇ ನೋಡುವವರು ಅದರ ಅರ್ಧವನ್ನೂ ಕಂಡಿಲ್ಲ, ನನಗೆ ಹೆಚ್ಚು ಬೇಸರ ಇದರ ಬಗ್ಗೆಯೇ. ಜೀವಶಕ್ತಿ, ದಾಳಿ, ರಕ್ಷಣೆ, ವಿಶೇಷ ದಾಳಿ, ವಿಶೇಷ ರಕ್ಷಣೆ, ವೇಗ, ಆರರಲ್ಲೂ ಅದಕ್ಕೆ ಸಮನಾಗಿ 100. 'ಎಲ್ಲದರಲ್ಲೂ ನೂರು, ಯಾರು ಆಡಿಸಿದರೂ ನಡೆಯುತ್ತೆ' ಅನ್ನುತ್ತಾರೆ. ನಿಜ ತಿರುವುಮುರುವು. ಯಾವುದರಲ್ಲೂ ಮೀರಿ ನಿಲ್ಲದ ಜೀವಿಗೆ ಏನು ಕೆಲಸ ಕೊಡಬೇಕೆಂದು ಆಡಿಸುವವನೇ ಯೋಚಿಸಬೇಕು, ಅದೂ ನಾಲ್ಕೇ ಮೂವ್‌ಗಳಲ್ಲಿ. ವಿಷ್ ಎಂಬ ಮೂವ್ ತೆಗೆದುಕೊಳ್ಳಿ. ಇವತ್ತು ಬೇಡಿದರೆ ಮುಂದಿನ ಸರದಿಯ ಕೊನೆಯಲ್ಲಿ, ಆಗ ಅಂಕಣದಲ್ಲಿ ನಿಂತಿರುವ ನಮ್ಮ ಜೀವಿಗೆ ಶಕ್ತಿ ತುಂಬುತ್ತದೆ. ಐದನೆಯ ತಲೆಮಾರಿನಿಂದ ಈಚೆಗೆ ಆ ಶಕ್ತಿ ಬೇಡಿದವನ ಜೀವಶಕ್ತಿಯ ಅರ್ಧ. ಪೂರ್ತಿ ಬೆಳೆದ ಜಿರಾಚಿಯ ಜೀವಶಕ್ತಿ 404ರವರೆಗೆ ಹೋಗುತ್ತದೆ, ಅದರ ಅರ್ಧ 202. ಮೈಯಲ್ಲಿ ಕಸುವಿಲ್ಲದ ಜೊತೆಗಾರನಿಗೆ ಇದು ಮರುಜನ್ಮ. ಆದರೆ ಎದುರಾಳಿ ಮುಂದಿನ ಸರದಿಯಲ್ಲಿ ಏನು ಮಾಡುತ್ತಾನೆ, ಆಗ ಯಾರನ್ನು ಇಳಿಸಿದರೆ ಪೆಟ್ಟು ತಿಂದೂ ಉಳಿಯುತ್ತದೆ ಎಂದು ಒಂದು ಸರದಿ ಮೊದಲೇ ಕಾಣಬೇಕು. ತಪ್ಪಿ ಎಣಿಸಿದರೆ ಆ ಸರದಿ ವ್ಯರ್ಥ, ಅದರೊಂದಿಗೆ ಒಂದು ಜೀವವೂ ಹೋದೀತು.

ಹೀಲಿಂಗ್ ವಿಷ್ ಇನ್ನೂ ಕಠಿಣ. ಜಿರಾಚಿ ತಾನು ಬಿದ್ದು, ತನ್ನ ಜಾಗಕ್ಕೆ ಬರುವವನನ್ನು ಸಂಪೂರ್ಣ ಗುಣಪಡಿಸುತ್ತದೆ. ಟ್ರಿಕ್ ಆಡಿದರೆ ತನ್ನ ಸ್ಕಾರ್ಫನ್ನು ಎದುರಾಳಿಗೆ ತೊಡಿಸಿ, ಮೂವ್ ಬದಲಿಸುತ್ತಲೇ ಬದುಕುವ ಬ್ಲಿಸಿಯಂಥ ಗೋಡೆಯನ್ನು ಒಂದೇ ಮೂವ್‌ಗೆ ಕಟ್ಟಿಹಾಕುತ್ತದೆ. ಡೂಮ್ ಡಿಸೈರ್ ಎಂಬ ಅದರದೇ ಹೊಡೆತ ಎರಡು ಸರದಿ ಕಳೆದ ಮೇಲೆ ಬಂದು ಬೀಳುತ್ತದೆ. ಇವುಗಳಲ್ಲಿ ಎಲ್ಲಿದೆ ಲಾಟರಿ? ಎಲ್ಲವೂ ಮುಂದಿನ ಹೊತ್ತಿಗಾಗಿ ಈಗಿನದನ್ನು ತೆರುವ ಕೆಲಸಗಳು.

2003ರಲ್ಲಿ ಬಂದ ಜಿರಾಚಿಯ ಸಿನಿಮಾದಲ್ಲಿ ಒಂದು ಪ್ರಸಂಗವಿದೆ. ಹುಡುಗ ಮ್ಯಾಕ್ಸ್ ಬೇಕಾದಷ್ಟು ಮಿಠಾಯಿ ಬೇಡುತ್ತಾನೆ, ಮಿಠಾಯಿ ರಾಶಿ ಬೀಳುತ್ತದೆ. ಆಮೇಲೆ ತಿಳಿಯುತ್ತದೆ, ಜಿರಾಚಿ ಅದನ್ನು ಸೃಷ್ಟಿಸಿಲ್ಲ, ಎಲ್ಲೋ ಮಾರಾಟಕ್ಕಿದ್ದುದನ್ನು ಇಲ್ಲಿಗೆ ತಂದು ಸುರಿದಿದೆ. ಚಿಕ್ಕ ಪ್ರಸಂಗ, ನಕ್ಕು ಮುಂದೆ ಹೋಗುವಂಥದ್ದು. ನನಗೆ ಮಾತ್ರ ಅದು ಜಿರಾಚಿಯ ಇಡೀ ಕಾದಾಟದ ರೀತಿಯಾಗಿ ಕಾಣುತ್ತದೆ. ಅದು ಕೊಡುವ ಯಾವುದೂ ಗಾಳಿಯಿಂದ ಬರುವುದಿಲ್ಲ. ಒಂದು ಸರದಿಯಿಂದ, ಒಂದು ವಸ್ತುವಿನಿಂದ, ಕೊನೆಗೆ ತನ್ನ ಪ್ರಾಣದಿಂದ ತಂದು ಕೊಡುತ್ತದೆ.

2013ರಲ್ಲಿ ಎಕ್ಸ್ ಮತ್ತು ವೈ ಆಟಗಳು ಬಂದಾಗ ನಿಯಮ ಬದಲಾಯಿತು. ಅಲ್ಲಿಯತನಕ ಉಕ್ಕು ಭೂತದ ಮತ್ತು ಕತ್ತಲ ಹೊಡೆತಗಳನ್ನು ತಡೆದುಕೊಳ್ಳುತ್ತಿತ್ತು. ಹಾಗಾಗಿ ಜಿರಾಚಿಗೆ ಬೆಂಕಿ ಮತ್ತು ನೆಲ ಎರಡೇ ಶತ್ರು. ಆ ತಡೆಯನ್ನು ತೆಗೆದದ್ದೇ ಶತ್ರುಗಳು ನಾಲ್ಕಾದವು, ಜಿರಾಚಿ ಮೊದಲಿನ ಎತ್ತರದಲ್ಲಿ ಉಳಿಯಲಿಲ್ಲ. ಸಿರೀನ್ ಗ್ರೇಸನ್ನು ಯಾರೂ ಮುಟ್ಟಿರಲಿಲ್ಲ, ಐರನ್ ಹೆಡ್ಡಿನ ಶೇಕಡಾ 60 ಹಾಗೇ ಇತ್ತು. ಕೈಬಿಟ್ಟದ್ದು ಮೈಗಾವಲು. ಅದೃಷ್ಟವೇ ಅದರ ಬಲವಾಗಿದ್ದರೆ ಅದೃಷ್ಟ ಇದ್ದಷ್ಟೇ ಇರುವಾಗ ಬಲ ಕುಗ್ಗಿದ್ದೇಕೆ ಎಂದು ದೂರುವವರು ಹೇಳಬೇಕು.

ಅವರ ಒಂದು ಮಾತು ಮಾತ್ರ ನಿಜ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಹೊಡೆತ ಗುರಿ ತಪ್ಪಿದಾಗ ಆಡಿ ಸೋತೆವು ಅನ್ನಿಸುತ್ತದೆ. ಬೆಚ್ಚಿಬಿದ್ದಾಗ ಆಡಲು ಬಿಡದೆ ಸೋಲಿಸಿದರು ಅನ್ನಿಸುತ್ತದೆ. ಈ ಎರಡು ನೋವು ಒಂದೇ ಅಲ್ಲ, ಎರಡನೆಯದು ಹೆಚ್ಚು ಸುಡುತ್ತದೆ. ಆಟ ರೂಪಿಸುವವರು ಇದನ್ನು ಕಂಡಿದ್ದಾರೆ. ಬೆಚ್ಚದಂತೆ ಕಾಯುವ ಇನ್ನರ್ ಫೋಕಸ್ ಎಂಬ ಗುಣ ಜಿರಾಚಿಯಷ್ಟೇ ಹಳೆಯದು, 2022ರ ಸ್ಕಾರ್ಲೆಟ್ ಮತ್ತು ವೈಲೆಟ್ ಆಟಗಳಲ್ಲಿ ಉಪಪರಿಣಾಮಗಳನ್ನೆಲ್ಲ ತಡೆಯುವ ಕವರ್ಟ್ ಕ್ಲೋಕ್ ಎಂಬ ವಸ್ತುವೂ ಬಂತು. ಸಬ್‌ಸ್ಟಿಟ್ಯೂಟ್ ಹಿಂದೆ ಅಡಗಿದವನು ಬೆಚ್ಚುವುದಿಲ್ಲ. ನೋವಿಗೆ ಮದ್ದು ಇದೆ. ಆದರೆ ನೋವು ಹೆಚ್ಚಾಯಿತೆಂದು ಎದುರಿಗಿದ್ದವನ ಲೆಕ್ಕಾಚಾರವನ್ನೇ ಸುಳ್ಳು ಮಾಡುವುದು ಬೇರೆ ವಿಷಯ. ಜಿರಾಚಿ ಗೆದ್ದಾಗ ತಲೆ ತಗ್ಗಿಸಿ ಕ್ಷಮೆ ಕೇಳುವ ಹುಡುಗ ಹುಡುಗಿಯರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಯಾವ ಸರದಿಯಲ್ಲಿ ನಿಂತರೆ ಉಳಿಯುತ್ತೇನೆ, ಯಾವುದರಲ್ಲಿ ಜಾರಬೇಕು ಎಂದು ಮೂರು ಹೆಜ್ಜೆ ಮುಂದೆ ನೋಡಿ ಆಡಿದ್ದಾರೆ ಅವರು. ಆ ಶ್ರಮವನ್ನು ತಮ್ಮ ಬಾಯಿಂದಲೇ ಅಲ್ಲಗಳೆಯುವಂತೆ ನಾವು ಅವರಿಗೆ ಕಲಿಸಿದ್ದೇವೆ.

ಜಿರಾಚಿಯ ತಲೆಯ ಮೇಲಿನ ಚೀಟಿಗಳು ಜಪಾನಿನ ತಾನಾಬಾತಾ ಹಬ್ಬದವು. ಏಳನೆಯ ತಿಂಗಳ ಏಳನೆಯ ದಿನ, ಆಕಾಶಗಂಗೆಯ ಆಚೀಚೆ ದೂರವಾದ ನೇಕಾರ ಹುಡುಗಿ ಮತ್ತು ದನಗಾಹಿ ಒಂದುಗೂಡುವ ದಿನ, ಜನ ಬಣ್ಣದ ಕಾಗದದ ಪಟ್ಟಿಗಳಲ್ಲಿ ಬೇಡಿಕೆ ಬರೆದು ಬಿದಿರಿನ ಕೊಂಬೆಗೆ ಕಟ್ಟುತ್ತಾರೆ. ಈಗ ಅವರು ಏನನ್ನಾದರೂ ಬೇಡಿಕೊಳ್ಳುತ್ತಾರೆ. ಆದರೆ ಎಂಟನೆಯ ಶತಮಾನದ ಹೊತ್ತಿಗೆ ಚೀನಾದಿಂದ ಜಪಾನಿನ ಅರಮನೆಗೆ ಬಂದಾಗ ಈ ಹಬ್ಬದ ಹೆಸರೇ ಕಿಕ್ಕೋದೆನ್, ಕುಶಲತೆಯನ್ನು ಬೇಡುವ ಹಬ್ಬ. ಹೆಣ್ಣುಮಕ್ಕಳು ನೇಕಾರ ನಕ್ಷತ್ರದ ಮುಂದೆ ನಿಂತು ನೇಯ್ಗೆ ಮತ್ತು ಹೊಲಿಗೆಯಲ್ಲಿ ಕೈ ಪಳಗಲಿ ಎಂದು ಕೇಳಿಕೊಂಡರು. ನೂರಾರು ವರ್ಷ ಕಳೆದು ಎದೋ ಕಾಲದ ಶಾಲೆಗಳ ಮಕ್ಕಳು ತಮ್ಮ ಅಕ್ಷರ ದುಂಡಗಾಗಲಿ ಎಂದು ಆ ಕಾಗದದ ಪಟ್ಟಿಗಳಲ್ಲಿ ಬರೆದು ಬಿದಿರಿಗೆ ಕಟ್ಟಿದರು.